ಎಂಟನೆಯ ಮನೆಯ ಮುನಿಸು

ನಮ್ಮ ಮಾವನವರಿಗೆ ಎಪ್ಪತ್ತೆಂಟು ವರ್ಷ. ಕಣ್ಣು ಚೆನ್ನಾಗಿದೆ, ಕಿವಿ ಬೇಕಾದಾಗ ಕೇಳುತ್ತದೆ, ಮಂಡಿ ನೋವು ಏನಾದರೂ ಕೆಲಸ ಹೇಳಿದಾಗ ಮಾತ್ರ ಬರುತ್ತದೆ. ಇಂಥ ಆರೋಗ್ಯವಂತರನ್ನು ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೂರಿಸುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ. ನಾನು ನಾಲ್ಕು ವರ್ಷ ಹೆಣಗಾಡಿ ಕೈಚೆಲ್ಲಿದ್ದೇನೆ.

ವಾರದ ಉಳಿದ ದಿನಗಳಲ್ಲಿ ನಾನು ಬಡಾವಣೆಯ ಲೈಬ್ರರಿಯಲ್ಲಿ ಪುಸ್ತಕಗಳಿಗೆ ಮೊಹರು ಒತ್ತುವವಳು. ಭಾನುವಾರ ಮಾತ್ರ ಬೆಳಿಗ್ಗೆ ಏಳಕ್ಕೆ ಅಂಚೆ ಕಚೇರಿಯ ಮುಂದೆ ನಿಂತು, ಬಂದವರನ್ನು ಕರೆದುಕೊಂಡು ಹಳೆಯ ಬೀದಿಗಳ ಎಂಟು ಮನೆಗಳನ್ನು ತೋರಿಸುತ್ತೇನೆ. ಆರು ವರ್ಷದ ಹಿಂದೆ ಲೈಬ್ರರಿಯ ಅಟ್ಟದಲ್ಲಿ ಮನೆಗಳ ನಕ್ಷೆಯ ಒಂದು ಕಟ್ಟು ಸಿಕ್ಕಿತ್ತು. ಗೆದ್ದಲು ತಿಂದು ಉಳಿಸಿದ್ದನ್ನು ಓದಿ, ಮನೆಮನೆಗೆ ಅಲೆದು, ಕಾಂಪೌಂಡಿನ ಹೊರಗಿನಿಂದಲೇ ಬೈಸಿಕೊಂಡು, ಒಬ್ಬೊಬ್ಬರನ್ನಾಗಿ ಒಪ್ಪಿಸಿ ಈ ನಡಿಗೆ ಶುರುಮಾಡಿದೆ. ಮೊದಲ ವಾರ ನಾಲ್ಕು ಜನ ಬಂದಿದ್ದರು. ಅದರಲ್ಲಿ ಒಬ್ಬರು ಸಕ್ಕರೆ ಕಾಯಿಲೆಯವರ ವಾಕಿಂಗ್ ಅಂದುಕೊಂಡು ಬಂದವರು, ಮೂರನೆಯ ಮನೆಯ ಹತ್ತಿರ ಸಿಟ್ಟು ಮಾಡಿಕೊಂಡು ಹೊರಟುಹೋದರು. ಈಗ ಇಪ್ಪತ್ತಕ್ಕೆ ಕಡಿಮೆ ಆಗುವುದಿಲ್ಲ. ನನ್ನದು ಅಂತ ಹೇಳಿಕೊಳ್ಳಲು ನನಗೆ ಇರುವುದು ಇದೊಂದೇ.

ಮಾವನವರು ಐವತ್ತು ವರ್ಷ ಗಾರೆ ಕೆಲಸ ಮಾಡಿದವರು. ಸುಣ್ಣ, ಮರಳು, ಕರಣೆ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಅತ್ತೆ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದರು. ಬಂದ ಮೊದಲ ಭಾನುವಾರವೇ ನಾನು ಚಪ್ಪಲಿ ಹಾಕಿಕೊಳ್ಳುವಾಗ ತಾವೂ ಹಾಕಿಕೊಂಡರು. "ಸುಮ್ನೆ ಕಾಲಾಡಿಸ್ಕೊಂಡು ಬರ್ತೀನಮ್ಮ. ನಿಂಗೇನೂ ತೊಂದ್ರೆ ಕೊಡಲ್ಲ" ಅಂದರು. ಈ ಮಾತು ಅಕ್ಷರಶಃ ನನಗೆ ನೆನಪಿದೆ. ಅವರಿಗೆ ಇಲ್ಲ.

ಅವರಿಗೊಂದು ಚಾಳಿ ಇದೆ. ಬಲಗೈ ಮಧ್ಯದ ಬೆರಳಿನ ಗೆಣ್ಣಿನಿಂದ ಕಂಡ ಗೋಡೆಯನ್ನೆಲ್ಲ ತಟ್ಟುವುದು. ಗಾರೆ ಗೋಡೆಯನ್ನು ಕಚ್ಚಿಕೊಂಡಿದ್ದರೆ ಒಂದು ಸದ್ದು, ಒಳಗೊಳಗೇ ಬಿಟ್ಟುಕೊಂಡಿದ್ದರೆ ಇನ್ನೊಂದು ಸದ್ದು. ತಟ್ಟಿ, ಕತ್ತು ಓರೆಮಾಡಿ ಕೇಳಿ, "ಪೊಳ್ಳು" ಅನ್ನುತ್ತಾರೆ. ಆಸ್ಪತ್ರೆಗೆ ಹೋದರೆ ಅಲ್ಲಿಯ ಗೋಡೆ, ಬ್ಯಾಂಕಿಗೆ ಹೋದರೆ ಅಲ್ಲಿಯ ಕಂಬ. ನಾವು ಈಗಿನ ಬಾಡಿಗೆ ಮನೆ ನೋಡಲು ಹೋದಾಗ ಮಾಲೀಕರ ಎದುರಿಗೇ ಅಡುಗೆಮನೆಯಿಂದ ಹಿಡಿದು ಬಚ್ಚಲವರೆಗೆ ತಟ್ಟಿ, "ಬಚ್ಚಲ ಗೋಡೆ ಎರಡು ವರ್ಷ ಬಂದ್ರೆ ಹೆಚ್ಚು" ಅಂದರು. ಮಾಲೀಕರು ಮುಖ ಗಂಟಿಕ್ಕಿಕೊಂಡರು. ಇಪ್ಪತ್ತೆರಡು ತಿಂಗಳಿಗೆ ಬಚ್ಚಲ ಟೈಲ್ಸು ದಡಬಡ ಉದುರಿತು. ಬಿದ್ದದ್ದಕ್ಕಿಂತ, ಆಮೇಲೆ ಆರು ತಿಂಗಳು ಅದನ್ನೇ ಹೇಳಿಸಿಕೊಂಡದ್ದು ನಮಗೆ ಹೆಚ್ಚು ಕಷ್ಟವಾಯಿತು.

ಇಂಥವರು ನನ್ನ ನಡಿಗೆಗೆ ಬಂದರೆ ಏನಾಗಬೇಕೋ ಅದೇ ಆಯಿತು. ಮೊದಲನೆಯ ಮನೆಯ ಮುಂದೆ ನಾನು, "ಈ ಕಲ್ಲಿನ ಕಂಬಗಳನ್ನು ನೋಡಿ" ಅನ್ನುತ್ತೇನೆ. ಹಿಂದಿನಿಂದ, "ಕಲ್ಲಲ್ಲ. ಇಟ್ಟಿಗೆ. ಮೇಲೆ ಗಾರೆ ಬಳ್ದು ಕಲ್ಲಿನ ಥರ ಗೆರೆ ಎಳ್ದಿರೋದು" ಅನ್ನುವ ದನಿ. ಇಪ್ಪತ್ತು ತಲೆ ಒಟ್ಟಿಗೆ ಹಿಂದೆ ತಿರುಗುತ್ತವೆ. ಮೂರನೆಯದು ಜಡ್ಜರ ಮನೆ. ಅದರ ಬಣ್ಣದ ಗಾಜಿನ ಕಿಟಕಿಯ ಬಗ್ಗೆ ನಾನು ಎರಡು ನಿಮಿಷ ಮಾತಾಡಿದರೆ, ಅದೇ ಮನೆಯ ತಾರಸಿಯ ನೀರು ಎಲ್ಲಿಂದ ಎಲ್ಲಿಗೆ ಸೋರುತ್ತದೆ ಅಂತ ಇವರು ಎಂಟು ನಿಮಿಷ ಮಾತಾಡುತ್ತಾರೆ. ನಾನು ನೂರ ಹತ್ತು ವರ್ಷ ಅಂದರೆ ಇವರು ನೂರ ಎಂಟು ಅನ್ನುತ್ತಾರೆ. ಎರಡು ವರ್ಷದ ವ್ಯತ್ಯಾಸಕ್ಕೆ ಯಾರ ಗಂಟು ಹೋಗುತ್ತದೆ ಹೇಳಿ?

ಜನಕ್ಕೋ, ಅವರೇ ಬೇಕು. 'ಗಾರೆ ಅಜ್ಜ' ಅಂತ ಹೆಸರೂ ಇಟ್ಟಿದ್ದಾರೆ. ಅಜ್ಜ ಇವತ್ತು ಬಂದಿಲ್ವಾ ಅಂತ ನನ್ನನ್ನೇ ಕೇಳುತ್ತಾರೆ. ಒಬ್ಬ ಹೆಂಗಸು ತನ್ನ ಅಡುಗೆಮನೆಯ ತೇವ ಹಿಡಿದ ಗೋಡೆಯ ಫೋಟೋ ತಂದು ತೋರಿಸಿದಳು. ನೂರು ವರ್ಷದ ಮರದ ಮೆಟ್ಟಿಲಿನ ಬಗ್ಗೆ ನಾನು ಗಂಟಲು ಹರಿದುಕೊಳ್ಳುತ್ತಿದ್ದರೆ ಅರ್ಧ ಜನ ಆ ಫೋಟೋದ ಸುತ್ತ ನೆರೆದಿದ್ದರು. ಮನೆಗೆ ಬಂದು ಗಂಡನ ಹತ್ತಿರ ಹೇಳಿಕೊಂಡರೆ, ಕೆಟ್ಟ ಫ್ಯಾನುಗಳನ್ನು ಬಿಚ್ಚಿ ಜೋಡಿಸುವುದೇ ಕಸುಬಾದ ಆ ಮನುಷ್ಯ, ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡೇ, "ಬಿಡೇ, ವಯಸ್ಸಾಗಿದೆ" ಅಂದರು. ನನಗೂ ಆಗುತ್ತಿದೆ ಅನ್ನುವುದು ಅವರ ಗಮನಕ್ಕೆ ಬಂದಂತಿಲ್ಲ.

ಇಷ್ಟೆಲ್ಲ ಸಹಿಸಿಕೊಂಡದ್ದು ಎಂಟನೆಯ ಮನೆಗಾಗಿ. ಅದು ಹಲ್ಲಿನ ಡಾಕ್ಟರಮ್ಮನವರ ಮನೆ. ಅವರ ಮುತ್ತಜ್ಜ ಕಟ್ಟಿಸಿದ್ದು. ಮುಂಬಾಗಿಲ ಮೇಲೆ ಗಾರೆಯಲ್ಲಿ ಮಾಡಿದ ಎರಡು ಹಕ್ಕಿಗಳಿವೆ, ನಡುವೆ ಒಂದು ದ್ರಾಕ್ಷಿ ಗೊಂಚಲು. ಎಡಗಡೆಯ ಹಕ್ಕಿ ಬಲಗಡೆಯದನ್ನೇ ನೋಡುತ್ತಿದೆ. ಬಲಗಡೆಯದು ಮಾತ್ರ ಕತ್ತು ತಿರುಗಿಸಿ ಬೀದಿ ಕಡೆ ನೋಡುತ್ತಿದೆ. ಬೇರೆ ಯಾರೇ ಆಗಿದ್ದರೂ ಎರಡನ್ನೂ ಎದುರುಬದುರು ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಇದನ್ನು ಮಾಡಿದವನು ಹಾಗೆ ಮಾಡಲಿಲ್ಲ. ಗಂಡಹೆಂಡಿರ ಮುನಿಸನ್ನು ಇಷ್ಟು ಚಿಕ್ಕ ಕತ್ತಿನಲ್ಲಿ ತೋರಿಸಿದವನು ಎಂಥ ಕಲಾವಿದನಿರಬೇಕು, ಅವನ ಹೆಸರು ಯಾವ ಕಾಗದದಲ್ಲೂ ಇಲ್ಲವಲ್ಲ ಅಂತ ನಾನು ಅಲ್ಲಿ ಐದು ನಿಮಿಷ ಮಾತಾಡುತ್ತೇನೆ. ಕೆಲವರ ಕಣ್ಣು ಒದ್ದೆಯಾಗುತ್ತದೆ. ಆಮೇಲೆ ಎಲ್ಲರನ್ನೂ ಬಾಗಿಲ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ. ನಡಿಗೆಯ ಪೋಸ್ಟರಿನಲ್ಲಿರುವುದೂ ಆ ಮುನಿಸಿಕೊಂಡ ಹಕ್ಕಿಯೇ.

ಏಳೂ ಮನೆಯಲ್ಲಿ ಮೂಗು ತೂರಿಸುವ ಮಾವನವರು ಇಲ್ಲಿ ಮಾತ್ರ ತುಟಿ ಬಿಚ್ಚುವುದಿಲ್ಲ. ಏಳನೆಯ ಮನೆ ಮುಗಿದದ್ದೇ ತಡ, ಮಂಡಿ ನೋವಿನ ಮನುಷ್ಯ ಎಲ್ಲರಿಗಿಂತ ಮುಂದೆ ದಾಪುಗಾಲು ಹಾಕಿಕೊಂಡು ಹೋಗುತ್ತಾರೆ. ನಾವು ತಲುಪುವ ಹೊತ್ತಿಗೆ ಬಾಗಿಲ ಹತ್ತಿರ ಒಂದು ಸುತ್ತು ಹಾಕಿ, ವಾಪಸ್ಸು ಗೇಟಿನ ಬಳಿ ಬಂದು, ಬೀದಿ ಕಡೆ ಮುಖ ಮಾಡಿಕೊಂಡು ನಿಂತಿರುತ್ತಾರೆ. ಸೊಸೆ ಬಾಯ್ತುಂಬ ಮಾತಾಡುವ ಒಂದೇ ಜಾಗದಲ್ಲಿ ಬೆನ್ನು ತೋರಿಸಿ ನಿಲ್ಲುವುದು. ಬೇಗ ಮುಗಿಸು ಅನ್ನುವುದಕ್ಕೆ ಬೇರೆ ಸಂಜ್ಞೆ ಬೇಕೆ? ನಾಲ್ಕು ವರ್ಷ ಪ್ರತಿ ಭಾನುವಾರ ನನಗೆ ಆ ಬೆನ್ನು ಕಂಡು ಮೈ ಉರಿದಿದೆ.

ಹೋದ ಮಳೆಗಾಲದಲ್ಲಿ ಕುತ್ತಿಗೆಗೇ ಬಂತು. ಡಾಕ್ಟರಮ್ಮ ಪಕ್ಕದ ಗೋಡೆಗೆ ಹೊಸದಾಗಿ ಪೇಂಟ್ ಮಾಡಿಸಿದ್ದರು. ಇವರು ಹೋಗಿ ಉಗುರಿನಲ್ಲಿ ಕೆರೆದು ಅಂಗೈಯಗಲ ಪೇಂಟ್ ಎಬ್ಬಿಸಿ, "ಒಳಗೆ ಸುಣ್ಣಕ್ಕೆ ಉಸಿರು ಕಟ್ತಿದೆ" ಅಂದರು. ಡಾಕ್ಟರಮ್ಮ ನನ್ನನ್ನು ಮನೆಯಲ್ಲೇ ಇರುವ ಕ್ಲಿನಿಕ್ಕಿನ ಒಳಗೆ ಕರೆದು, ದನಿ ಎತ್ತರಿಸದೆ ಹೇಳಿದರು. "ನಿಮ್ಮ ನಡಿಗೆ ನಂಗಿಷ್ಟ. ಆದ್ರೆ ನಿಮ್ಮ ಮಾವ ಇನ್ನೊಂದ್ಸಲ ನನ್ನ ಗೋಡೆ ಮುಟ್ಟಿದ್ರೆ ನಾನು ಗೇಟು ತೆಗೆಯಲ್ಲ. ಇದೇ ಕೊನೆ."

ಎಂಟನೆಯ ಮನೆಯ ಗೇಟು ಮುಚ್ಚಿದರೆ ನಡಿಗೆಯ ಜೀವವೇ ಹೋದಂತೆ. ಒಬ್ಬರು ಬಾಗಿಲು ಹಾಕಿದರೆ ಉಳಿದವರೂ ಹಾಕುತ್ತಾರೆ, ನನಗೆ ಗೊತ್ತು. ಆರು ವರ್ಷ ಒಬ್ಬೊಬ್ಬರ ಕೈಕಾಲು ಹಿಡಿದದ್ದು ಒಂದು ಉಗುರಿನಿಂದ ನೀರುಪಾಲು. ಮನೆಗೆ ಬಂದು ಮಾವನವರನ್ನು ಕುರ್ಚಿಯ ಮೇಲೆ ಕೂರಿಸಿ, ಗಂಡನನ್ನು ಸಾಕ್ಷಿಗೆ ನಿಲ್ಲಿಸಿಕೊಂಡೆ.

"ಮಾವ, ಇನ್ಮೇಲೆ ಬರೋದಾದ್ರೆ ಕೈ ಜೇಬಲ್ಲಿರ್ಬೇಕು. ಎರಡೂ ಕೈ."

"ಆಯ್ತಮ್ಮ."

"ಮಾತೂ ಆಡ್ಬಾರ್ದು."

"ಕೇಳಿದ್ರೆ?"

"ಕೇಳಿದ್ರೂ."

ಮುಂದಿನ ಭಾನುವಾರ ಅವರು ಮಾತು ಉಳಿಸಿಕೊಂಡರು. ಅದು ಇನ್ನೂ ದೊಡ್ಡ ಹಿಂಸೆಯಾಯಿತು. ಎರಡೂ ಕೈ ಜೇಬಿನಲ್ಲಿ ತುರುಕಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು, ಯಾರಾದರೂ ಏನಾದರೂ ಕೇಳಿದರೆ ಅಪ್ಪಣೆಗೆ ಕಾಯುವವರಂತೆ ನನ್ನ ಮುಖ ನೋಡುತ್ತಿದ್ದರು. ಇಪ್ಪತ್ಮೂರು ಜನರ ಕಣ್ಣಲ್ಲಿ ನಾನು ಮುದುಕರನ್ನು ಗೋಳುಹೊಯ್ದುಕೊಳ್ಳುವ ಸೊಸೆಯಾದೆ. ಅಡುಗೆಮನೆ ಫೋಟೋದ ಹೆಂಗಸು, "ಪಾಪ, ಅಜ್ಜನಿಗೆ ಹುಷಾರಿಲ್ವಾ?" ಅಂತ ಕೇಳಿದಳು. ಹಲ್ಲು ಕಚ್ಚಿಕೊಂಡು ನಕ್ಕೆ.

ಏಳನೆಯ ಮನೆಯಲ್ಲಿ ಅವತ್ತು ಮನೆಯವರು ಎಲ್ಲರಿಗೂ ನೀರು ಕೊಟ್ಟು, ಮಾವನವರನ್ನು ಮಾತಿಗೆ ಹಿಡಿದುಕೊಂಡರು. ಹಾಗಾಗಿ ಎಂಟನೆಯ ಮನೆಗೆ ನಾವೇ ಮೊದಲು ತಲುಪಿದೆವು. ಇವರು ಹಿಂದಿನಿಂದ ಏದುಸಿರು ಬಿಡುತ್ತ ಬಂದರು. ಅಷ್ಟರಲ್ಲಿ ನನ್ನ ಐದು ನಿಮಿಷದ ಮಾತು ಮುಗಿಯುತ್ತ ಬಂದಿತ್ತು, ಜನ ಫೋಟೋಕ್ಕೆ ಮೆಟ್ಟಿಲು ಹತ್ತುತ್ತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬಳು ತನ್ನ ನಾಲ್ಕು ವರ್ಷದ ಮಗಳನ್ನು ನಿಲ್ಲಿಸಿ ರಿಬ್ಬನ್ ಸರಿಮಾಡುತ್ತಿದ್ದಳು.

ಮಾವನವರು ಗೇಟಿನ ಹತ್ತಿರ ನಿಲ್ಲಲಿಲ್ಲ. ನೇರ ಮೆಟ್ಟಿಲಿಗೆ ಬಂದು ನೆಲ ನೋಡಿದರು. ಅಲ್ಲಿ ಚಿಟಿಕೆಯಷ್ಟು ಬೂದು ಪುಡಿ ಬಿದ್ದಿತ್ತು. ಚಪ್ಪಲಿಯ ತುದಿಯಿಂದ ಅದನ್ನು ಸವರಿದರು, ತಲೆಯೆತ್ತಿ ಮೇಲೆ ನೋಡಿದರು. ಆಮೇಲೆ ಬಲಗೈಯನ್ನು ಜೇಬಿನಿಂದ ತೆಗೆದರು.

"ಮಾವ" ಅಂದೆ. ಅಷ್ಟು ಜನರ ಎದುರಿಗೆ ಒಂದು ಶಬ್ದದಲ್ಲಿ ಎಷ್ಟು ಬೈಯಬಹುದೋ ಅಷ್ಟೂ ಬೈದೆ.

ಅವರು ಒಬ್ಬರ ಕೈಯಿಂದ ಕೊಡೆ ಕಿತ್ತುಕೊಂಡು, ಅದರ ಹಿಡಿಕೆಯಿಂದ ಬಲಗಡೆಯ ಹಕ್ಕಿಯ ಪಕ್ಕದಲ್ಲಿ ಮೆಲ್ಲಗೆ ತಟ್ಟಿದರು. ಕತ್ತು ಓರೆಮಾಡಿದರು. "ಎಲ್ರೂ ಈ ಕಡೆ ಬನ್ನಿ. ಮಗೂನ ಎತ್ಕೊಳ್ಳಮ್ಮ. ಓಡ್ಬೇಡಿ, ಮೆಲ್ಲಗೆ ಬನ್ನಿ."

ಜನ ನನ್ನ ಮಾತಿಗೆ ಯಾವತ್ತೂ ಹಾಗೆ ಕದಲಿಲ್ಲ. ಒಂದೇ ಉಸಿರಿಗೆ ಮೆಟ್ಟಿಲು ಖಾಲಿಯಾಯಿತು. ಗಲಾಟೆ ಕೇಳಿ ಡಾಕ್ಟರಮ್ಮ ಹೊರಗೆ ಬಂದರು. ಕೊಡೆ ಹಿಡಿದ ಮಾವನವರನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಮುಗಿಯಿತು ಅಂದುಕೊಂಡೆ.

"ನಾನು ಹೇಳಿದ್ದೆ" ಅಂದರು ಡಾಕ್ಟರಮ್ಮ.

"ಹೇಳಿದ್ರಿ ತಾಯಿ. ಈ ಬಲಗಡೆ ಹಕ್ಕಿ ಬೀಳುತ್ತೆ. ಇವತ್ತೋ ನಾಳೆಯೋ, ಅಷ್ಟೆ."

"ನೂರು ವರ್ಷದಿಂದ ಬೀಳದೆ ಇದ್ದದ್ದು ನೀವು ತಟ್ಟಿದ ತಕ್ಷಣ ಬೀಳುತ್ತಾ? ನಿಮಗೆ ಹೇಗೆ ಗೊತ್ತು?"

ಮಾವನವರು ಕೊಡೆಯನ್ನು ಗೋಡೆಗೆ ಒರಗಿಸಿದರು. "ಎಡಗಡೇದು ನೂರು ವರ್ಷದ್ದು. ಬಲಗಡೇದು ನಾನು ಮಾಡಿದ್ದು. ತಪ್ಪು ಮಾಡಿದ್ದು."

ಅವರು ಯಾರ ಮುಖವನ್ನೂ ನೋಡದೆ ಹೇಳಿದರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಮೊದಲಿದ್ದ ಬಲಗಡೆಯ ಹಕ್ಕಿ ಮಳೆಗೆ ಬಿದ್ದುಹೋಗಿತ್ತು. ಡಾಕ್ಟರಮ್ಮನ ಅಜ್ಜನಿಗೆ ಹತ್ತು ದಿನದಲ್ಲಿ ಆಗಬೇಕಿತ್ತು. ಸುಣ್ಣದಲ್ಲಿ ಮಾಡಿದರೆ ಪದರ ಪದರವಾಗಿ ಒಣಗಬೇಕು, ಎರಡು ತಿಂಗಳು ಹಿಡಿಯುತ್ತದೆ. ಮೇಸ್ತ್ರಿ ಸಿಮೆಂಟ್ ಬಳಿ ಅಂದ, ಇವರು ಬಳಿದರು. ಒಳಗೆ ಸುಣ್ಣದ ಗೋಡೆ, ಮೇಲೆ ಸಿಮೆಂಟ್. ಗೋಡೆಯ ತೇವ ಹೊರಗೆ ಬರಲಾರದೆ ಒಳಗೇ ಕೂತು ತಿನ್ನುತ್ತ ಬಂತು.

"ಹಾಗಾದ್ರೆ ಆ ಮುನಿಸು?" ಅಂತ ಯಾರೋ ಕೇಳಿದರು.

"ಮುನಿಸೂ ಇಲ್ಲ, ಏನೂ ಇಲ್ಲ. ಒಳಗಿನ ತಂತಿ ಸೊಟ್ಟ ಇತ್ತು. ಕತ್ತು ಆ ಕಡೆ ಹೋಯ್ತು. ಸರಿಮಾಡೋಷ್ಟ್ರಲ್ಲಿ ಸಿಮೆಂಟ್ ಗಟ್ಟಿಯಾಗ್ಬಿಟ್ಟಿತ್ತು."

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ ಅನ್ನಿಸಿತು. ಒಬ್ಬ ಹುಡುಗಿ ನನ್ನ ಪೋಸ್ಟರನ್ನು ಕೈಯಲ್ಲಿ ಹಿಡಿದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ಸೊಟ್ಟ ತಂತಿಗೆ ಆರು ವರ್ಷ ನಾನು ಜನರ ಕಣ್ಣು ಒದ್ದೆ ಮಾಡಿಸಿದ್ದೆ.

ಡಾಕ್ಟರಮ್ಮ ಮಾತ್ರ ಕೊಡೆ ತೆಗೆದುಕೊಂಡರು. ಪಕ್ಕದಲ್ಲಿ ನಿಂತು, ಕೈ ಚಾಚಿ, ಎಡಗಡೆಯ ಹಕ್ಕಿಯ ಬಳಿ ತಟ್ಟಿದರು. ಟಕ್ ಟಕ್ ಅಂತ ಗಟ್ಟಿ ಸದ್ದು. ಬಲಗಡೆ ತಟ್ಟಿದರು. ಬೊದ್ ಅಂತು. ಇನ್ನೊಂದು ಸಲ ತಟ್ಟಿದರು. ಮೂವತ್ತು ವರ್ಷದಿಂದ ಜನರ ಹಲ್ಲು ತಟ್ಟಿ ನೋಡುತ್ತಿರುವ ಹೆಂಗಸು.

"ಮೇಲೆ ಗಟ್ಟಿ ಫಿಲ್ಲಿಂಗ್, ಒಳಗೆ ಹುಳುಕು" ಅಂದರು.

"ಅದೇ ತಾಯಿ" ಅಂದರು ಮಾವನವರು.

ಅವತ್ತೇ ಮುಂಬಾಗಿಲಿಗೆ ಹಗ್ಗ ಕಟ್ಟಿದರು. ಮರುದಿನ ಬೆಳಿಗ್ಗೆ ನನ್ನ ಗಂಡ ಏಣಿ ಹಾಕಿಕೊಂಡು ಹತ್ತಿ, ಅಪ್ಪ ಕೆಳಗಿನಿಂದ ಹೇಳಿದ ಜಾಗದಲ್ಲಿ ಉಳಿ ಇಟ್ಟರು. ಸುತ್ತಿಗೆ ಎತ್ತುವ ಮೊದಲೇ ಹಕ್ಕಿ, ಅದರ ಹಿಂದಿನ ನಾಲ್ಕು ಬೆರಳು ದಪ್ಪದ ಗಾರೆಯ ಸಮೇತ, ಕೆಳಗೆ ಹಾಸಿದ್ದ ಮರಳಿನ ಚೀಲಗಳ ಮೇಲೆ ದೊಪ್ಪನೆ ಬಿತ್ತು. ಒಂದು ಚೀಲ ಒಡೆದು ಮರಳು ಮೆಟ್ಟಿಲಿನಿಂದ ಇಳಿಯಿತು. ಆ ಚೀಲ ಇದ್ದದ್ದು ರಿಬ್ಬನ್ನಿನ ಮಗು ನಿಂತಿದ್ದ ಜಾಗದಲ್ಲಿ. ನಾನು ಅಲ್ಲೇ ಕೂತುಬಿಟ್ಟೆ. ಕೂತವಳಿಗೆ ಮೊದಲು ಬಂದದ್ದು ಅಳು, ಆಮೇಲೆ ಬಂದದ್ದು ಸಿಟ್ಟು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಅವರ ಎದುರಿಗೆ ನಿಂತೆ. "ನಾಲ್ಕು ವರ್ಷ ನೂರಾರು ಜನಾನ ಅದರ ಕೆಳಗೆ ನಿಲ್ಸಿದೀನಿ ನಾನು. ಒಂದ್ಮಾತು ಹೇಳಕ್ಕಾಗ್ಲಿಲ್ವಾ ನಿಮಗೆ?"

"ಅದನ್ನ ನೋಡ್ಕೊಳಕ್ಕೇ ಬರ್ತಿದ್ದೆನಮ್ಮ. ಪ್ರತಿ ವಾರ ನೀವು ಬರೋ ಮುಂಚೆ ಹೋಗಿ ಬಿರುಕು ಇದ್ಯಾ, ಪುಡಿ ಬಿದ್ದಿದ್ಯಾ ಅಂತ ನೋಡ್ತಿದ್ದೆ."

"ನೋಡೋದಲ್ಲ ಮಾವ. ಹೇಳ್ಬೇಕಿತ್ತು."

"ಹೇಳ್ಬೇಕಿತ್ತು" ಅಂದರು. ಕೈ ಮಂಡಿಯ ಮೇಲಿತ್ತು, ಬೆರಳು ಮಂಡಿಯನ್ನೇ ತಟ್ಟುತ್ತಿತ್ತು. "ಹೇಳಿದ್ರೆ ನೀನು ಆ ಮಾತು ನಿಲ್ಲಿಸ್ಬಿಡ್ತಿದ್ದೆ. ಐವತ್ತು ವರ್ಷ ಕೆಲಸ ಮಾಡಿದೀನಿ. ಸರಿಯಾಗಿ ಬಂದ್ರೆ ಯಾರೂ ಗೋಡೆ ಕಡೆ ತಿರುಗಿ ನೋಡಲ್ಲ. ಬಿರುಕು ಬಿಟ್ರೆ ಮಾತ್ರ ಕರೆದು ಬೈತಾರೆ. ನಾನು ಮಾಡಿದ್ದರ ಬಗ್ಗೆ ಐದು ನಿಮಿಷ ಮಾತಾಡಿದೋಳು ನೀನೊಬ್ಬಳೇ. ಅದೂ ತಪ್ಪಾಗಿ ಮಾಡಿದ್ದರ ಬಗ್ಗೆ. ಕೇಳ್ಬೇಕು ಅನ್ಸೋದು, ಎದುರು ನಿಂತು ಕೇಳಕ್ಕೆ ನಾಚಿಕೆ ಆಗೋದು."

ನಾಲ್ಕು ವರ್ಷ ನನ್ನ ಮೈ ಉರಿಸಿದ ಆ ಬೆನ್ನು ನೆನಪಾಯಿತು. ಇನ್ನೂ ನಾಲ್ಕು ಮಾತು ಬೈಯಬೇಕೆಂದು ಬಾಯಿ ತೆರೆದವಳು ಲೋಟ ಎತ್ತಿಕೊಂಡೆ. ನೀರು ಕುಡಿದೆ. ಸಿಟ್ಟು ಹೋಗಲಿಲ್ಲ, ಅದು ಇವತ್ತಿಗೂ ಇದೆ. ಆ ಮಗುವಿನ ರಿಬ್ಬನ್ ನೆನಪಾದಾಗಲೆಲ್ಲ ಬರುತ್ತದೆ.

ಡಾಕ್ಟರಮ್ಮ ಗೇಟು ಮುಚ್ಚಲಿಲ್ಲ. ಬದಲಿಗೆ ಮಾವನವರನ್ನು ಕರೆಸಿ, ಹಕ್ಕಿಯನ್ನು ಇನ್ನೊಂದು ಸಲ ಮಾಡಿಕೊಡಿ, ಈ ಸಲ ಎಷ್ಟು ತಿಂಗಳಾದರೂ ಆಗಲಿ ಅಂದರು. ಮಾವನವರು ತಮ್ಮ ಕೈ ಮುಂದೆ ಚಾಚಿ ನೋಡಿಕೊಂಡರು. ಬೆರಳು ನಡುಗುತ್ತಿತ್ತು. "ಈಗ ಕೈ ಬರಲ್ಲ ತಾಯಿ. ಗೋಡೆ ಮಾತ್ರ ಸರಿಮಾಡ್ತೀನಿ" ಅಂದರು. ಎರಡು ತಿಂಗಳು ನಮ್ಮ ಬಚ್ಚಲಲ್ಲಿ ಸುಣ್ಣ ನೆನೆಯಿತು. ಸ್ನಾನಕ್ಕೆ ಹೋದವರೆಲ್ಲ ಸುಣ್ಣದ ಡ್ರಮ್ಮಿನ ಸುತ್ತ ಪ್ರದಕ್ಷಿಣೆ ಹಾಕಬೇಕಾಯಿತು. ಏಣಿಯ ಮೇಲೆ ಮಗ, ಕೆಳಗೆ ಕುರ್ಚಿಯಲ್ಲಿ ಅಪ್ಪ. ಫ್ಯಾನಿನವನ ಕೈಯಲ್ಲಿ ಕರಣೆ ಕೊಟ್ಟು ಪದರಕ್ಕೊಂದು ಬೈಗುಳದಂತೆ ಬಳಿಸಿದರು. ಕೊನೆಯ ಪದರ ಒಣಗಿದ ಮೇಲೆ ಏಣಿಯ ಎರಡು ಮೆಟ್ಟಿಲು ತಾವೇ ಹತ್ತಿ ತಟ್ಟಿದರು. ಕತ್ತು ಓರೆಮಾಡಿ ಕೇಳಿದರು. ಏನೂ ಹೇಳದೆ ಇಳಿದರು.

ಈಗ ಬಾಗಿಲ ಮೇಲೆ ಒಂದೇ ಹಕ್ಕಿ, ನಡುವೆ ಗೊಂಚಲು, ಆ ಕಡೆ ನುಣುಪಾದ ಖಾಲಿ ಗೋಡೆ. ಬಿದ್ದ ಹಕ್ಕಿಯ ತಲೆ ಮಾತ್ರ ಮುಕ್ಕಾಗದೆ ಉಳಿದಿತ್ತು. ಅದು ನಮ್ಮ ಫ್ರಿಜ್ಜಿನ ಮೇಲಿದೆ. ಯಾವ ಕಡೆ ತಿರುಗಿಸಿಟ್ಟರೂ ನನ್ನ ಮುಖ ನೋಡುವುದಿಲ್ಲ. ಪೋಸ್ಟರ್ ಬದಲಾಯಿಸಿದೆವು. ಜನ ಕಡಿಮೆಯಾಗುತ್ತಾರೆ ಅಂದುಕೊಂಡಿದ್ದೆ, ಆಗಲಿಲ್ಲ. ಖಾಲಿ ಗೋಡೆ ನೋಡಲು ಇಷ್ಟು ಜನ ಬರುತ್ತಾರೆ ಅಂದರೆ ನಾನು ನಂಬುತ್ತಿರಲಿಲ್ಲ.

ಮಾವನವರ ಕೈ ಈಗ ಜೇಬಿನಲ್ಲಿಲ್ಲ. ಕಂಬ ಇಟ್ಟಿಗೆಯದು ಅನ್ನುವುದರಿಂದ ಹಿಡಿದು ಜಡ್ಜರ ತಾರಸಿಯವರೆಗೆ ಎಲ್ಲ ಮೊದಲಿನಂತೆಯೇ ನಡೆಯುತ್ತದೆ, ಎಂಟು ನಿಮಿಷ ಹನ್ನೊಂದಾಗಿದೆ. ಎಂಟನೆಯ ಮನೆಯಲ್ಲಿ ಅವರು ಗೇಟಿನ ಹತ್ತಿರ ನಿಲ್ಲುವುದಿಲ್ಲ. ಜನರ ಮುಂದೆ, ಬಾಗಿಲಿಗೆ ಎದುರಾಗಿ ನಿಲ್ಲುತ್ತಾರೆ. ನಾನು ಖಾಲಿ ಜಾಗ ತೋರಿಸಿ ಹೇಳುತ್ತೇನೆ. ಇಲ್ಲಿ ನಮ್ಮ ಮಾವನವರು ಮಾಡಿದ ಹಕ್ಕಿ ಇತ್ತು, ಅದರ ಕತ್ತು ಯಾಕೆ ತಿರುಗಿತ್ತು, ಅದು ಯಾಕೆ ಬಿತ್ತು, ಬೀಳುವ ಮೊದಲು ಇಲ್ಲಿ ನಲವತ್ತೆಂಟು ವರ್ಷ ನಿಂತಿತ್ತು ಅಂತ.

"ನಲವತ್ತೊಂಬತ್ತು" ಅನ್ನುತ್ತಾರೆ ಮಾವನವರು, ಎಲ್ಲರಿಗೂ ಕೇಳುವಂತೆ.

ನಲವತ್ತೊಂಬತ್ತು ಅಂತ ನನಗೂ ಗೊತ್ತು. ಆದರೂ ಪ್ರತಿ ಭಾನುವಾರ ನಲವತ್ತೆಂಟು ಅನ್ನುತ್ತೇನೆ.